ತಪ್ಪಿದ ಒಂದು ಹಾಳೆ, ಹುಟ್ಟಿದ ಒಂದು ಯಂತ್ರ

ಊರಿನಿಂದ ಬರುವ ಬಂಧುಗಳು ವಾಷಿಂಗ್‌ಟನ್ ನಗರದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳನ್ನು ತಪ್ಪದೆ ನೋಡುತ್ತಾರೆ. ಪ್ರವೇಶಶುಲ್ಕವಿಲ್ಲ ಎಂಬುದೂ ಅದಕ್ಕೊಂದು ಕಾರಣ! ಹೋಪ್ ವಜ್ರ, ರೈಟ್ ಸೋದರರ ವಿಮಾನ, ಚಂದ್ರನಿಂದ ತಂದ ಕಲ್ಲು ಇವುಗಳ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅದೇ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯದ ಸಂಪತ್ತಿನಲ್ಲಿ ಇನ್ನೊಂದು ವಸ್ತುವಿದೆ. ಅದು ಕಳೆದ ಶತಮಾನದ ಆರಂಭದ, ಕೈಯಿಂದ ಹಾಳೆ ಉಣಿಸುವ ಒಂದು ಆಫ್‌ಸೆಟ್ ಮುದ್ರಣಯಂತ್ರ. ನಮ್ಮ ಮನೆಗಳ ಲಗ್ನಪತ್ರಿಕೆ, ಪಂಚಾಂಗ, ಪಠ್ಯಪುಸ್ತಕ, ಔಷಧದ ಡಬ್ಬಿಯ ಮೇಲಿನ ಬರೆಹ ಇವೆಲ್ಲದರ ಮೂಲಪುರುಷ ಆ ಯಂತ್ರವೆಂದರೆ ಅತಿಶಯೋಕ್ತಿಯಲ್ಲ.

ಅದನ್ನು ರೂಪಿಸಿದವನು ನ್ಯೂಜೆರ್ಸಿಯ ನಟ್ಲಿ ಎಂಬ ಊರಿನ ಮುದ್ರಕ ಐರಾ ವಾಷಿಂಗ್‌ಟನ್ ರುಬೆಲ್. ಕಾಲ ಸುಮಾರು 1903–04. ಆಗಿನ ಶಿಲಾಮುದ್ರಣ ಯಂತ್ರದಲ್ಲಿ ಚಿತ್ರವಿರುವ ಪ್ಲೇಟು ನೇರವಾಗಿ ಕಾಗದವನ್ನು ಒತ್ತುತ್ತಿತ್ತು. ಕಾಗದವನ್ನು ಹೊತ್ತು ತಿರುಗುವ ಉರುಳೆಯ ಮೇಲೆ ರಬ್ಬರಿನ ಹೊದಿಕೆ ಇರುತ್ತಿತ್ತು. ಹಾಳೆ ಉಣಿಸುವವನ ಕೈ ಒಮ್ಮೆ ತಪ್ಪಿದರೆ, ಕಾಗದವಿಲ್ಲದ ಆ ಸುತ್ತಿನಲ್ಲಿ ಚಿತ್ರವು ರಬ್ಬರಿನ ಮೇಲೆಯೇ ಅಚ್ಚಾಗುತ್ತಿತ್ತು. ಮುಂದಿನ ಹಾಳೆಯ ಮುಖದ ಮೇಲೆ ಪ್ಲೇಟಿನ ಅಚ್ಚು, ಬೆನ್ನ ಮೇಲೆ ರಬ್ಬರಿನ ಅಚ್ಚು. ಇದು ಎಲ್ಲ ಮುದ್ರಕರಿಗೂ ಕಿರಿಕಿರಿಯ ಸಂಗತಿಯಾಗಿತ್ತು. ಹಾಳೆ ಕೆಟ್ಟಿತೆಂದು ಎಸೆಯುತ್ತಿದ್ದರು. ರುಬೆಲ್ ಮಾತ್ರ ಆ ಹಾಳೆಯನ್ನು ತಿರುಗಿಸಿ ನೋಡಿದ. ಬೆನ್ನಿನ ಅಚ್ಚು ಮುಖದ ಅಚ್ಚಿಗಿಂತ ಸ್ಫುಟವಾಗಿತ್ತು.

ಕಾರಣ ಸರಳ. ಬರಿಗಣ್ಣಿಗೆ ನುಣುಪಾಗಿ ತೋರುವ ಕಾಗದವೂ ಸೂಕ್ಷ್ಮದರ್ಶಕದಡಿ ಉಬ್ಬುತಗ್ಗುಗಳ ಬಯಲು. ಗಟ್ಟಿಯಾದ ಲೋಹ ಅಥವಾ ಕಲ್ಲು ಉಬ್ಬುಗಳನ್ನಷ್ಟೇ ಮುಟ್ಟುತ್ತದೆ. ರಬ್ಬರು ಬಾಗಿ ತಗ್ಗಿನೊಳಗೂ ಇಳಿಯುತ್ತದೆ. ಪ್ಲೇಟಿಗೂ ಕಾಗದಕ್ಕೂ ನಡುವೆ ರಬ್ಬರು ಹೊದಿಸಿದ ಮೂರನೆಯ ಉರುಳೆಯನ್ನು ತಂದರಾಯಿತು, ಆಫ್‌ಸೆಟ್ ಯಂತ್ರ ಸಿದ್ಧ. ಇನ್ನೊಂದು ಅನುಕೂಲವೂ ತಾನಾಗಿ ಒದಗಿತು. ಅಚ್ಚು ಎರಡು ಬಾರಿ ಮಗುಚುವುದರಿಂದ ಪ್ಲೇಟಿನ ಮೇಲಿನ ಬರೆಹ ನೇರವಾಗಿಯೇ ಇರಬಹುದು. ಕನ್ನಡಿಯ ಪ್ರತಿಬಿಂಬದಂತೆ ಹಿಂದುಮುಂದಾಗಿ ಬರೆಯುವ ಶ್ರಮವಿಲ್ಲ.

ಆ ಹಿಂದುಮುಂದಿನ ಶ್ರಮ ಎಂತಹುದೆಂದು ಕನ್ನಡಕ್ಕೆ ಚೆನ್ನಾಗಿ ಗೊತ್ತು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಹೊರತಂದ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಕಲ್ಲಚ್ಚಿನಲ್ಲಿಯೇ ಮೂಡಿತು. ಬವೇರಿಯಾದ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಹಿಡಿದ ಆ ಕಲೆಯ ತಿರುಳು ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದೇ: ಎಣ್ಣೆಗೂ ನೀರಿಗೂ ಸೇರದು. ಜಿಡ್ಡಿನಿಂದ ಬರೆದ ಭಾಗ ಎಣ್ಣೆಯ ಶಾಯಿಯನ್ನು ಹಿಡಿಯುತ್ತದೆ. ಉಳಿದ ಭಾಗ ನೀರನ್ನು ಹಿಡಿದು ಶಾಯಿಯನ್ನು ದೂಡುತ್ತದೆ. ಇಂದಿನ ಆಫ್‌ಸೆಟ್ ಪ್ಲೇಟು ಕಲ್ಲಿನ ಬದಲು ಅಲ್ಯೂಮಿನಿಯಮ್ಮಿನದು. ಆದರೆ ಮೊದಲು ನೀರಿನ ಉರುಳೆ, ಆಮೇಲೆ ಶಾಯಿಯ ಉರುಳೆ ಎಂಬ ಕ್ರಮ ಬದಲಾಗಿಲ್ಲ. ನೀರು ಹೆಚ್ಚಾದರೆ ಅಕ್ಷರ ಮಂಕು, ಕಡಿಮೆಯಾದರೆ ಹಾಳೆಯೆಲ್ಲ ಮಸಿ. ರೋಗಿಗೆ ಎಷ್ಟು ದ್ರವ ಕೊಡಬೇಕು, ಎಷ್ಟು ತಡೆಯಬೇಕು ಎಂದು ನಿತ್ಯ ತೂಗುವ ನನ್ನಂಥವನಿಗೆ ಈ ಲೆಕ್ಕಾಚಾರ ಅಪರಿಚಿತವೆನಿಸಲಿಲ್ಲ.

ಇನ್ನು ಕೈಯಿಂದ ಉಣಿಸುವ ವಿಧಾನ. ಯಂತ್ರದ ಎತ್ತರದಲ್ಲಿ ಇಳಿಜಾರಾದ ಹಲಗೆ. ಅದರ ಮೇಲೆ ಹಾಳೆಗಳ ಅಟ್ಟಿ. ಕೆಲಸಗಾರ ಅಟ್ಟಿಯ ಅಂಚನ್ನು ಬೀಸಣಿಗೆಯಂತೆ ಬಿಡಿಸಿ, ನಡುವೆ ಗಾಳಿ ಹೋಗುವಂತೆ ಮಾಡಿ, ಒಂದೇ ಒಂದು ಹಾಳೆಯನ್ನು ಜಾರಿಸಿ ಮುಂದಿನ ತಡೆಗೂ ಪಕ್ಕದ ತಡೆಗೂ ಸರಿಯಾಗಿ ಒತ್ತಿ ನಿಲ್ಲಿಸಬೇಕು. ಆ ಕ್ಷಣಕ್ಕೆ ಉರುಳೆಯ ಗ್ರಿಪ್ಪರುಗಳು ಬಾಯಿ ಮುಚ್ಚಿ ಹಾಳೆಯನ್ನು ಕಚ್ಚಿ ಎಳೆದೊಯ್ಯುತ್ತವೆ. ಕೂದಲೆಳೆಯಷ್ಟು ಓರೆಯಾದರೂ ಎರಡನೆಯ ಬಣ್ಣ ಮೊದಲನೆಯದರ ಮೇಲೆ ಕೂರುವುದಿಲ್ಲ. ಹಾಳೆ ತಪ್ಪಿದರೆ ಒತ್ತಡದ ಉರುಳೆಯನ್ನು ತಕ್ಷಣ ದೂರ ಸರಿಸಬೇಕು. ಇಲ್ಲವಾದರೆ ರುಬೆಲ್ ಕಂಡ ಅದೇ ಮಸಿ. ನುರಿತ ಕೈಗೂ ಗಂಟೆಗೆ ಒಂದೆರಡು ಸಾವಿರ ಹಾಳೆಯೇ ಮಿತಿ. ಗಾಳಿಯಿಂದ ಹೀರಿ ಹಾಳೆ ಎತ್ತುವ ಇಂದಿನ ಯಂತ್ರ ಹದಿನೈದು ಸಾವಿರ ದಾಟುತ್ತದೆ. ಅಂಥ ಯಂತ್ರಗಳಿಗೆ ಹೆಸರಾದ ಜರ್ಮನಿಯ ಹೈಡೆಲ್‌ಬರ್ಗ್ ಸಂಸ್ಥೆಯ ಅಮೆರಿಕನ್ ಕೇಂದ್ರ ಅಟ್ಲಾಂಟಾದ ಹೊರವಲಯದ ಕೆನೆಸಾದಲ್ಲಿದೆ.

ನಾನಿರುವ ಉತ್ತರ ಕ್ಯಾರೊಲಿನಾದಲ್ಲಿ ನನ್ನ ಬಳಿಗೆ ಬರುವ ವೃದ್ಧ ಮುದ್ರಕರೊಬ್ಬರ ಬಲಗೈಯ ಎರಡು ಬೆರಳುಗಳಿಗೆ ತುದಿಯಿಲ್ಲ. ಹಾಳೆ ಉಣಿಸುವಾಗ ಅಲ್ಲ, ಉರುಳೆ ಒರೆಸುವಾಗ ಹೋದವು ಎಂದರು. ಇದು ವೈದ್ಯರಿಗೆ ಪರಿಚಿತ ಕಥೆ. ಒಂದಕ್ಕೊಂದು ಎದುರಾಗಿ ಒಳಮುಖವಾಗಿ ತಿರುಗುವ ಎರಡು ಉರುಳೆಗಳ ಸಂಧಿಯೇ ಯಂತ್ರದ ಅತ್ಯಂತ ಅಪಾಯಕರ ಜಾಗ. ಒರೆಸುವ ಬಟ್ಟೆಯ ಒಂದು ಎಳೆ ಸಿಕ್ಕಿದರೂ ಕೈ ಅದರ ಹಿಂದೆ ಹೋಗುತ್ತದೆ. ಈ ಸಂಧಿಗೆ ಕಾಪು ಇರಲೇಬೇಕೆಂದು ಇಲ್ಲಿಯ ಕಾರ್ಮಿಕ ಸುರಕ್ಷತಾ ಕಾನೂನು ವಿಧಿಸುತ್ತದೆ; ಒರೆಸುವುದಾದರೆ ಯಂತ್ರ ನಿಲ್ಲಿಸಿ, ಗುಂಡಿ ಒತ್ತಿ ಅಂಗುಲ ಅಂಗುಲವಾಗಿ ತಿರುಗಿಸಿಕೊಳ್ಳಬೇಕು.

ಊರಿನಲ್ಲಿ ಮುದ್ರಣಾಲಯ ನಡೆಸುವ ಬಂಧುಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿ. ಉರುಳೆಗೆ ಸಿಕ್ಕಿದ ಕೈಯ ಎಕ್ಸ್‌ರೇಯಲ್ಲಿ ಮೂಳೆ ಮುರಿಯದೆ ಇರಬಹುದು, ಚರ್ಮವೂ ಹರಿಯದೆ ಇರಬಹುದು. ‘ಏನೂ ಆಗಿಲ್ಲ’ ಎಂದು ಅರಿಸಿನ ಹಚ್ಚಿ ಮನೆಗೆ ಕಳುಹಿಸುವುದು ಅಲ್ಲಿಯೇ. ಆದರೆ ಒಳಗೆ ಜಜ್ಜಿದ ಸ್ನಾಯು ಕೆಲವು ಗಂಟೆಗಳಲ್ಲಿ ಊದಿ, ಹಿಗ್ಗಲಾರದ ಪೊರೆಯೊಳಗೆ ತನ್ನ ರಕ್ತಸಂಚಾರವನ್ನು ತಾನೇ ಅದುಮಿಬಿಡುತ್ತದೆ. ಗಾಯಕ್ಕೆ ಮೀರಿದ ನೋವು, ಬೆರಳು ನೇರ ಮಾಡಿದರೆ ತಡೆಯಲಾರದ ಯಾತನೆ, ಜೋಮು ಇವು ಕಂಡರೆ ಬೆಳಗಾಗುವವರೆಗೆ ಕಾಯದೆ ಶಸ್ತ್ರಚಿಕಿತ್ಸಕರ ಬಳಿಗೆ ಧಾವಿಸಬೇಕು. ಪೊರೆಯನ್ನು ಸೀಳಿ ಒತ್ತಡ ಇಳಿಸಲು ಕೆಲವೇ ಗಂಟೆಗಳ ಅವಕಾಶವಿರುತ್ತದೆ. ಉಂಗುರವನ್ನು ಊತ ಏರುವ ಮೊದಲೇ ತೆಗೆಯಬೇಕು. ಕೆಲಸಕ್ಕೆ ನಿಲ್ಲುವಾಗ ತೊಡದಿರುವುದೇ ಲೇಸು.

ಎರಡನೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ. ರಬ್ಬರಿನ ಹೊದಿಕೆಯ ಶಾಯಿಯನ್ನು ಪದೇ ಪದೇ ತೊಳೆಯಲು ಬಳಸುವ ದ್ರಾವಕವೇ ಅದು. ಜಪಾನಿನ ಒಸಾಕಾದ ಒಂದು ಸಣ್ಣ ಮುದ್ರಣಾಲಯದಲ್ಲಿ ಪರೀಕ್ಷಾ ಪ್ರತಿ ತೆಗೆಯುತ್ತಿದ್ದ ತರುಣ ಕೆಲಸಗಾರರಲ್ಲಿ ಪಿತ್ತನಾಳದ ಕ್ಯಾನ್ಸರ್ ಕಾಣಿಸಿಕೊಂಡ ಸಂಗತಿ 2012ರಲ್ಲಿ ಬಯಲಾಯಿತು. ಸಾಮಾನ್ಯವಾಗಿ ಇದು ಇಳಿವಯಸ್ಸಿನ, ಅಪರೂಪದ ಕಾಯಿಲೆ. ಗಾಳಿಯಾಡದ ಕೋಣೆಯಲ್ಲಿ ಡೈಕ್ಲೋರೋಪ್ರೊಪೇನ್ ಬೆರೆತ ದ್ರಾವಕದಿಂದ ಅವರು ದಿನವಿಡೀ ಹೊದಿಕೆ ಒರೆಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ಆ ರಾಸಾಯನಿಕವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ನಾನು ಊರಿಗೆ ಹೋದಾಗ ನೋಡಿದ ಮುದ್ರಣಾಲಯಗಳಲ್ಲಿ ಸೀಮೆಎಣ್ಣೆ, ಪೆಟ್ರೋಲು, ಹೆಸರೇ ಇಲ್ಲದ ಕ್ಯಾನಿನ ದ್ರವ ಇವೆಲ್ಲ ಬಳಕೆಯಲ್ಲಿದ್ದವು. ಕೈಗವಸು ಯಾರ ಕೈಯಲ್ಲೂ ಇರಲಿಲ್ಲ. ಒಂದು ಕಿಟಕಿ, ಹೊರಕ್ಕೆ ಗಾಳಿ ದೂಡುವ ಒಂದು ಫ್ಯಾನು, ನೈಟ್ರೈಲ್ ಕೈಗವಸು, ಕ್ಯಾನಿನ ಮೇಲೊಂದು ಹೆಸರು: ಇದರ ವೆಚ್ಚ ಒಂದು ರಬ್ಬರ್ ಹೊದಿಕೆಯ ಬೆಲೆಗಿಂತ ಬಹಳ ದೊಡ್ಡದಲ್ಲ.

ರುಬೆಲ್ ತನ್ನ ಯಂತ್ರದಿಂದ ಹೆಚ್ಚು ಕಾಲ ಫಲ ಉಣ್ಣಲಿಲ್ಲ. 1908ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ. ಸ್ಮಿತ್‌ಸೋನಿಯನ್ನಿನಲ್ಲಿರುವುದು ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಲಿಥೊಗ್ರಾಫ್ ಕಂಪೆನಿಯಲ್ಲಿ ದುಡಿದ ಯಂತ್ರ. ಒಹಾಯೊದ ಹ್ಯಾರಿಸ್ ಸೋದರರು ಅದೇ ಹೊತ್ತಿಗೆ ಅದೇ ತತ್ತ್ವವನ್ನು ಹಿಡಿದು ವ್ಯಾಪಾರದಲ್ಲಿ ಮುಂದೆ ಹೋದರು.

ಈ ವಿದ್ಯೆಯನ್ನು ಹಿಡಿದು ಇಲ್ಲಿಗೆ ಬರಬಹುದೇ ಎಂದು ತರುಣರು ಕೇಳುವುದುಂಟು. ಯಂತ್ರ ನಡೆಸುವ ಕೆಲಸಕ್ಕಾಗಿ ವೀಸಾ ಸಿಗುವುದು ಕಷ್ಟ. ಓದಿನ ದಾರಿಯೇ ವಾಸಿ. ದಕ್ಷಿಣ ಕ್ಯಾರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಕಮ್ಯುನಿಕೇಷನ್ಸ್ ಎಂಬ ವಿಭಾಗವೇ ಇದೆ. ಅಲ್ಲಿ ಪುಸ್ತಕಕ್ಕಿಂತ ಡಬ್ಬಿ, ಲೇಬಲ್ಲು, ಪೊಟ್ಟಣಗಳ ಮುದ್ರಣಕ್ಕೆ ಮನ್ನಣೆ ಹೆಚ್ಚು. ಪತ್ರಿಕೆ ಬಡವಾದರೂ ಪೊಟ್ಟಣ ಬಡವಾಗಿಲ್ಲವಷ್ಟೆ.