ಅಂತರ್ಜಾಲ ವಿಶ್ವಕೋಶದಲ್ಲಿ ಸ್ವಂತ ಕೃತಿ, ಸಂಸ್ಥೆಗಳ ಕುರಿತ ಲೇಖನ: ಸಾರ್ವಜನಿಕರಿಗೆ ಮಾಹಿತಿ

ಕನ್ನಡ ವಿಕಿಪೀಡಿಯವು 2003ರಲ್ಲಿ ಆರಂಭಗೊಂಡಿದ್ದು, ಸಾರ್ವಜನಿಕರೇ ಬರೆದು ತಿದ್ದಬಹುದಾದ ಮುಕ್ತ ವಿಶ್ವಕೋಶವಾಗಿರುತ್ತದೆ. ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಲೇಖಕರು, ಯಕ್ಷಗಾನ ಕಲಾವಿದರು ಮತ್ತು ಸಂಘ-ಸಂಸ್ಥೆಗಳ ಪದಾಧಿಕಾರಿಗಳು ತಮ್ಮ ಕುರಿತು ಅದರಲ್ಲಿ ತಾವೇ ಬರೆಯಬಹುದೇ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿತಾಸಕ್ತಿ ಸಂಘರ್ಷ ಎಂದರೇನು?

ಬರೆಯುವವರಿಗೂ ವಿಷಯಕ್ಕೂ ಸ್ವಂತ, ಕೌಟುಂಬಿಕ ಅಥವಾ ಹಣಕಾಸಿನ ಸಂಬಂಧವಿದ್ದಲ್ಲಿ ಅದನ್ನು ಹಿತಾಸಕ್ತಿ ಸಂಘರ್ಷ ಎನ್ನಲಾಗುತ್ತದೆ. ಕೃತಿಕಾರರು ಮಾತ್ರವಲ್ಲದೆ ಅವರ ಮಕ್ಕಳು, ಶಿಷ್ಯರು, ಪ್ರಕಾಶಕರು, ಮೇಳದ ವ್ಯವಸ್ಥಾಪಕರೂ ಇದರ ವ್ಯಾಪ್ತಿಗೆ ಬರುತ್ತಾರೆ. ಬರೆದದ್ದು ಸುಳ್ಳೆಂದು ಇದರ ಅರ್ಥವಲ್ಲ.

ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು 'ಬಾಲಪ್ರಪಂಚ' (1936) ಎಂಬ ವಿಶ್ವಕೋಶವನ್ನೂ 'ಹುಚ್ಚು ಮನಸ್ಸಿನ ಹತ್ತು ಮುಖಗಳು' (1948) ಎಂಬ ಆತ್ಮಕಥೆಯನ್ನೂ ರಚಿಸಿದರು. ಆತ್ಮಕಥೆಯಲ್ಲಿ ಮಾತನಾಡುವವರು ಯಾರೆಂಬುದು ಓದುಗರಿಗೆ ತಿಳಿದಿರುತ್ತದೆ. ವಿಕಿಪೀಡಿಯದ ಲೇಖನದಲ್ಲಾದರೋ ಬರೆದವರ ಹೆಸರು ಮೇಲ್ನೋಟಕ್ಕೆ ಕಾಣುವುದಿಲ್ಲ. ಓದುಗರು ಅದನ್ನು ತಟಸ್ಥ ಮಾಹಿತಿಯೆಂದೇ ನಂಬುತ್ತಾರೆ. ಸ್ವಪ್ರಶಂಸೆಯಿಂದ ಕೆಡುವುದು ಈ ನಂಬಿಕೆಯೇ ಆಗಿದೆ.

ಮಾಹಿತಿ ತಪ್ಪಾಗಿದ್ದಲ್ಲಿ?

ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಅವರು ತಮ್ಮ 'ದಿ ಹ್ಯೂಮನ್ ಸ್ಟೇನ್' ಕಾದಂಬರಿಗೆ ಪ್ರೇರಣೆ ಯಾರೆಂಬ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿದ್ದ ಮಾಹಿತಿ ತಪ್ಪೆಂದು 2012ರಲ್ಲಿ ಆಕ್ಷೇಪಿಸಿದಾಗ, ಲೇಖಕರ ಮಾತಿನ ಜೊತೆಗೆ ಬೇರೆ ಆಧಾರವೂ ಬೇಕೆಂಬ ಉತ್ತರ ದೊರೆಯಿತು. ಅವರು 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಹಿರಂಗ ಪತ್ರ ಪ್ರಕಟಿಸಿದ ನಂತರ ಅವರ ವಿವರಣೆಯು ಲೇಖನದಲ್ಲಿ ಸೇರಿತು. ತಮ್ಮ ಕೃತಿಗೆ ತಾವು ಉತ್ತಮ ಸಾಕ್ಷಿಯಾಗಬಹುದು, ತೀರ್ಪುಗಾರರಾಗಲಾರಿರಿ ಎಂಬುದು ಇದರಿಂದ ತಿಳಿದುಬರುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಖಾತೆ ತೆರೆದು, ತಮ್ಮ ಸದಸ್ಯ ಪುಟದಲ್ಲಿ ವಿಷಯದೊಂದಿಗಿನ ಸಂಬಂಧವನ್ನು ತಿಳಿಸುವುದು.
2. ಲೇಖನವನ್ನು ನೇರವಾಗಿ ತಿದ್ದದೆ, ಅದರ ಚರ್ಚೆ ಪುಟದಲ್ಲಿ ತಿದ್ದುಪಡಿಯನ್ನು ಸೂಚಿಸುವುದು. ಉತ್ತರ ಬಾರದಿದ್ದಲ್ಲಿ 'ಅರಳಿ ಕಟ್ಟೆ' ಎಂಬ ಸಾಮಾನ್ಯ ಚರ್ಚಾ ಪುಟದಲ್ಲಿ ಕೇಳುವುದು.
3. ಇತರರು ಬರೆದು ಪ್ರಕಟಿಸಿದ ಪುಸ್ತಕ, ಪತ್ರಿಕಾ ಲೇಖನಗಳ ವಿವರವನ್ನು ದಿನಾಂಕ ಸಹಿತ ಒದಗಿಸುವುದು. ಆಮಂತ್ರಣ ಪತ್ರಿಕೆ, ಸನ್ಮಾನ ಪತ್ರಗಳು ಸಾಲುವುದಿಲ್ಲ.
4. ಸಂಭಾವನೆ ಪಡೆದು ಬರೆಯುವವರು ಹಣ ನೀಡಿದವರ ವಿವರವನ್ನು ಬಹಿರಂಗಪಡಿಸುವುದು. 2014ರಿಂದ ಇದು ವಿಕಿಪೀಡಿಯದ ಬಳಕೆಯ ನಿಯಮಗಳಲ್ಲಿ ಕಡ್ಡಾಯವಾಗಿದೆ.

ತಾವೇ ತೆಗೆದ ಭಾವಚಿತ್ರಗಳನ್ನು ಮುಕ್ತ ಪರವಾನಗಿಯಡಿ ವಿಕಿಮೀಡಿಯ ಕಾಮನ್ಸ್‌ಗೆ ನೀಡಬಹುದು.

ಅರ್ಜಿದಾರರ ಗಮನಕ್ಕೆ

ಪ್ರಶಸ್ತಿ, ಮಾಸಾಶನ ಅಥವಾ ಧನಸಹಾಯದ ಅರ್ಜಿಯೊಂದಿಗೆ ಕೇಳಲಾದ ದಾಖಲೆಗಳಿಗೆ ವಿಕಿಪೀಡಿಯ ಲೇಖನವು ಪರ್ಯಾಯವಲ್ಲ. ಲೇಖನವನ್ನು ಯಾರು, ಯಾವಾಗ ತಿದ್ದಿದರೆಂಬುದು ಅದರ ಇತಿಹಾಸ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಸ್ವತಃ ಬರೆದ ಹೊಗಳಿಕೆಯು ಅಳಿಸಲ್ಪಟ್ಟಲ್ಲಿ, ದಶಕಗಳ ನಿಜವಾದ ಸಾಧನೆಯೂ ಸಂಶಯಕ್ಕೆ ಒಳಗಾಗುವ ಸಂಭವವಿರುತ್ತದೆ. ವಿಕಿಪೀಡಿಯವು ಸರ್ಕಾರದ ಅಧೀನದಲ್ಲಿ ಇಲ್ಲದಿರುವುದರಿಂದ, ಅಲ್ಲಿನ ಲೇಖನಗಳ ತಿದ್ದುಪಡಿಗಾಗಿ ಕಚೇರಿಗೆ ಮನವಿ ಸಲ್ಲಿಸದೆ ಮೇಲ್ಕಂಡ ಕ್ರಮವನ್ನೇ ಅನುಸರಿಸಲು ಕೋರಲಾಗಿದೆ.