ಫಿಲ್ಮಿನ ಸುರುಳಿಯಿಂದ ಮನೆಯ ತೆರೆಗೆ

ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು ಐವತ್ತು ಕಿಲೋಮೀಟರು ಸಾಗಿದರೆ ರಾಮನಗರದ ಬಂಡೆಗಳು ಎದುರಾಗುತ್ತವೆ. ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ, ಕನಕಪುರದ ಕಡೆಯ ಕಬ್ಬಾಳದುರ್ಗ ಇವೆಲ್ಲವೂ ಒಂದೇ ಸೀಮೆಯ ಶಿಲಾಸಂತಾನ. ಇಲ್ಲಿನ ಶಿಲೆಯನ್ನು ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ಈ ಶಿಲೆಯ ವಯಸ್ಸು ಸುಮಾರು ೨೫೦ ಕೋಟಿ ವರ್ಷ.

೧೯೭೩ರ ಅಕ್ಟೋಬರ್ ತಿಂಗಳಿನಲ್ಲಿ ಈ ಬಂಡೆಗಳ ನಡುವೆ ಚಲನಚಿತ್ರವೊಂದರ ಚಿತ್ರೀಕರಣ ಆರಂಭವಾಯಿತು. ರಮೇಶ್ ಸಿಪ್ಪಿಯವರು ನಿರ್ದೇಶಿಸಿದ ಆ ಹಿಂದಿ ಚಿತ್ರವೇ 'ಶೋಲೆ'. ಬೆಟ್ಟದ ಬುಡದಲ್ಲಿ ರಾಮಗಢವೆಂಬ ಕಲ್ಪಿತ ಹಳ್ಳಿ ಎದ್ದು ನಿಂತಿತು. ದ್ವಾರಕಾ ದಿವೇಚಾ ಅವರ ಕ್ಯಾಮೆರಾ ಇಲ್ಲಿನ ಬಿಸಿಲನ್ನೂ ಬಂಡೆಯನ್ನೂ ಧೂಳನ್ನೂ ಫಿಲ್ಮಿನ ಮೇಲೆ ಮೂಡಿಸಿತು. ೧೯೭೫ರ ಆಗಸ್ಟ್ ೧೫ರಂದು ಚಿತ್ರ ತೆರೆಕಂಡಿತು. ಕೆಲಸ ಮುಗಿದ ಮೇಲೆ ಆ ಹಳ್ಳಿಯನ್ನು ಕಿತ್ತುಹಾಕಿದರು. ಬೆಟ್ಟ ಹಾಗೆಯೇ ಇದೆ. ಆದರೆ ಬೆಟ್ಟದ ಬಿಂಬವನ್ನು ಹೊತ್ತ ಮೂಲ ಫಿಲ್ಮು ಐವತ್ತು ವರ್ಷವನ್ನೂ ನೆಟ್ಟಗೆ ಬಾಳಲಿಲ್ಲ.

ಹೀಗೇಕಾಯಿತೆಂದು ತಿಳಿಯಬೇಕಾದರೆ ಫಿಲ್ಮಿನ ರಚನೆಯನ್ನು ಅರಿಯಬೇಕು. ಪಾರದರ್ಶಕವಾದ ಪಟ್ಟಿಯೊಂದು ಅದರ ಆಧಾರ. ಅದರ ಮೇಲೆ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣಗಳನ್ನು ಜೆಲಾಟಿನ್ನಿನಲ್ಲಿ ಬೆರೆಸಿ ಲೇಪಿಸಿರುತ್ತಾರೆ. ಮೊದಮೊದಲು ಆಧಾರಪಟ್ಟಿಯನ್ನು ಸೆಲ್ಯುಲೋಸ್ ನೈಟ್ರೇಟ್‌ನಿಂದ ಮಾಡುತ್ತಿದ್ದರು. ಅದು ಬೆಂಕಿ ತಗುಲಿದೊಡನೆ ಭಗ್ಗೆಂದು ಉರಿಯುವ ವಸ್ತು. ಆದ್ದರಿಂದ ೧೯೫೦ರ ಸುಮಾರಿನಲ್ಲಿ ಅದನ್ನು ಕೈಬಿಟ್ಟು ಅಸಿಟೇಟ್ ಪಟ್ಟಿಯನ್ನು ಬಳಕೆಗೆ ತಂದರು. ಬೆಂಕಿಯ ಭಯವೇನೋ ತಪ್ಪಿತು. ಮತ್ತೊಂದು ಕೇಡು ಬೆನ್ನಟ್ಟಿ ಬಂದಿತು. ಸೆಕೆಯೂ ತೇವವೂ ಇರುವ ಕಡೆ ಅಸಿಟೇಟ್ ಮೆಲ್ಲಮೆಲ್ಲನೆ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಅಡುಗೆಮನೆಯ ವಿನಿಗರ್‌ನ ಹುಳಿ ನಾತಕ್ಕೆ ಕಾರಣವಾದುದೂ ಇದೇ ಆಮ್ಲ. ಹೊರಬಂದ ಆಮ್ಲವೇ ಪಟ್ಟಿಯ ನಾಶವನ್ನು ಇನ್ನಷ್ಟು ತ್ವರಿತಗೊಳಿಸುವುದರಿಂದ ರೋಗವು ಒಮ್ಮೆ ಹಿಡಿಯಿತೆಂದರೆ ಬಿಡದು. ಪಟ್ಟಿ ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಕೊನೆಗೆ ಪುಡಿಯಾಗುತ್ತದೆ. ನಮ್ಮ ದೇಶದ ಹವೆ ಈ ರೋಗಕ್ಕೆ ಹೇಳಿ ಮಾಡಿಸಿದಂತಿದೆ. ಬಣ್ಣದ ಫಿಲ್ಮಿಗೆ ಇನ್ನೊಂದು ಪೀಡೆಯುಂಟು: ಅದರೊಳಗಿನ ಮೂರು ವರ್ಣದ್ರವ್ಯಗಳು ಸಮನಾಗಿ ಮಾಸುವುದಿಲ್ಲ. ಹಸಿರುನೀಲಿ ಮೊದಲು ಮಾಸುವುದರಿಂದ ಹಳೆಯ ಪ್ರತಿಗಳಲ್ಲಿ ಆಕಾಶವೂ ಹುಲ್ಲೂ ಮುಖವೂ ಒಂದೇ ಬಗೆಯ ನಸುಗೆಂಪಿಗೆ ತಿರುಗಿರುತ್ತವೆ.

ಕನ್ನಡದ ಮೊದಲ ವಾಕ್ಚಿತ್ರ, ೧೯೩೪ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಎಷ್ಟೋ ಹಳೆಯ ಫಿಲ್ಮುಗಳನ್ನು ಅವುಗಳಲ್ಲಿನ ಬೆಳ್ಳಿಯ ಆಸೆಗೆ ಕರಗಿಸಿದ್ದೂ ಉಂಟು.

ಇಂದು ಹಳೆಯ ಚಿತ್ರಗಳನ್ನು ಹೆಚ್ಚಿನವರು ನೋಡುವುದು ಚಿತ್ರಮಂದಿರದಲ್ಲಲ್ಲ, ಮನೆಯ ತೆರೆಯ ಮೇಲೆ. ದೂರದರ್ಶನವು ಹಿಂದೆ ಅನುಸರಿಸುತ್ತಿದ್ದ ಪದ್ಧತಿಯಲ್ಲಿ ಚಿತ್ರವು ೬೨೫ ಗೆರೆಗಳಿಂದ ಕೂಡಿರುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದವು ೫೭೬ ಗೆರೆಗಳು ಮಾತ್ರ. ಅಂಕೀಯ ರೂಪದಲ್ಲಿ ಹೇಳುವುದಾದರೆ ಅಂತಹ ಒಂದು ಚೌಕಟ್ಟಿನಲ್ಲಿ ೪,೧೪,೭೨೦ ಬಿಂದುಗಳಿರುತ್ತವೆ. ಹೆಚ್.ಡಿ. ಎಂದು ಕರೆಯುವ ಉನ್ನತ ಸ್ಪಷ್ಟತೆಯ ಪದ್ಧತಿಯಲ್ಲಿ ಅಡ್ಡಸಾಲಿನಲ್ಲಿ ೧೯೨೦, ಉದ್ದಸಾಲಿನಲ್ಲಿ ೧೦೮೦, ಒಟ್ಟು ೨೦,೭೩,೬೦೦ ಬಿಂದುಗಳು. ಎಂದರೆ ಸರಿಯಾಗಿ ಐದು ಪಟ್ಟು.

ಹಳೆಯ ಚಿತ್ರಕ್ಕೆ ಇಷ್ಟು ಸ್ಪಷ್ಟತೆ ಎಲ್ಲಿಂದ ಬರಬೇಕೆಂಬ ಸಂದೇಹ ಸಹಜ. ಉತ್ತರ ಅಚ್ಚರಿಯದು. ಸ್ಪಷ್ಟತೆ ಮೊದಲಿನಿಂದಲೂ ಫಿಲ್ಮಿನಲ್ಲಿಯೇ ಇತ್ತು. ೩೫ ಮಿಲಿಮೀಟರಿನ ಒಳ್ಳೆಯ ನೆಗೆಟಿವ್‌ನಲ್ಲಿ ಹೆಚ್.ಡಿ. ತೆರೆ ತೋರಿಸಬಲ್ಲುದಕ್ಕಿಂತಲೂ ಹೆಚ್ಚಿನ ವಿವರವಿರುತ್ತದೆ. ಅದನ್ನು ಕಳೆದದ್ದು ಹಳೆಯ ಪ್ರಸಾರಪದ್ಧತಿ. ಅಂದು ಟೆಲಿಸಿನಿ ಎಂಬ ಯಂತ್ರದ ಮೂಲಕ ಚಿತ್ರವನ್ನು ವಿಡಿಯೋ ಟೇಪಿಗೆ ಇಳಿಸುತ್ತಿದ್ದರು. ಆ ಟೇಪು ಮಾತ್ರ ಉಳಿದು ಫಿಲ್ಮು ನಾಶವಾಗಿದ್ದರೆ, ಇದ್ದ ಬಿಂದುಗಳ ನಡುವೆ ಲೆಕ್ಕಾಚಾರದಿಂದ ಹೊಸ ಬಿಂದುಗಳನ್ನು ತುಂಬಿ ಚಿತ್ರವನ್ನು ಹಿಗ್ಗಿಸಬಹುದೇ ಹೊರತು, ಇಲ್ಲದ ವಿವರವನ್ನು ತರಲಾಗದು. ಹಾಗೆ ಹಿಗ್ಗಿಸಿದ್ದನ್ನೂ ಹೆಚ್.ಡಿ. ಎಂದೇ ಪ್ರಸಾರ ಮಾಡುವುದುಂಟು. ಹಾಲಿಗೆ ನೀರು ಬೆರೆಸಿ ಪಾತ್ರೆ ತುಂಬಿಸಿದಂತೆ ಅದು.

ಆದ್ದರಿಂದ ಮೊದಲ ಕೆಲಸ ಹುಡುಕಾಟ. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಸಿಕ್ಕರೆ ಅತ್ಯುತ್ತಮ. ಅದರಿಂದ ತೆಗೆದ ಇಂಟರ್‌ಪಾಸಿಟಿವ್ ಎರಡನೆಯದು. ಚಿತ್ರಮಂದಿರಗಳಲ್ಲಿ ಓಡಿ ಸವೆದ ಪ್ರತಿ ಕಟ್ಟಕಡೆಯ ಆಶ್ರಯ. 'ಶೋಲೆ'ಯನ್ನು ೩೫ ಮಿಲಿಮೀಟರಿನಲ್ಲಿ ಚಿತ್ರೀಕರಿಸಿ ೭೦ ಮಿಲಿಮೀಟರಿಗೆ ಹಿಗ್ಗಿಸಿದ್ದರು. ಆ ೭೦ ಮಿಲಿಮೀಟರಿನ ಪ್ರತಿ ಒಂದಾದರೂ ಉಳಿದಿರಲಿಲ್ಲ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸಂಸ್ಥೆಯವರು ಸಿಪ್ಪಿ ಫಿಲ್ಮ್ಸ್‌ನೊಡನೆ ಜೀರ್ಣೋದ್ಧಾರಕ್ಕೆ ಕೈಯಿಕ್ಕಿದಾಗ ಮೂಲ ನೆಗೆಟಿವ್ ಹುಳಿರೋಗದಿಂದ ತೀವ್ರವಾಗಿ ಹಾಳಾಗಿರುವುದು ಕಂಡುಬಂದಿತು. ಬ್ರಿಟನ್ನಿನ ಉಗ್ರಾಣವೊಂದರಲ್ಲಿ ದೊರೆತ ಇಂಟರ್‌ಪಾಸಿಟಿವ್ ಆಗ ಆಪದ್ಬಂಧುವಾಯಿತು. ಇಟಲಿಯ ಬೊಲೋನಾ ನಗರದ ಪ್ರಯೋಗಶಾಲೆಯಲ್ಲಿ ಕೆಲಸ ನಡೆದು, ೨೦೨೫ರ ಜೂನ್ ತಿಂಗಳಲ್ಲಿ ಅದೇ ನಗರದ ಬಯಲು ಚೌಕದಲ್ಲಿ ಚಿತ್ರ ಮತ್ತೆ ತೆರೆಕಂಡಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸೆನ್ಸಾರ್ ಮಂಡಳಿಯ ಒತ್ತಾಯದಿಂದ ಬದಲಾಯಿಸಿದ್ದ ಅಂತ್ಯವನ್ನೂ ಅದರಲ್ಲಿ ಮೊದಲಿನಂತೆ ಕೂಡಿಸಲಾಗಿತ್ತು.

ಫಿಲ್ಮು ದೊರೆತ ಮೇಲಿನ ಕೆಲಸ ಯಂತ್ರದ್ದಲ್ಲ, ಕೈಯದು. ರಾಮನಗರದ ರೇಷ್ಮೆ ರೀಲರುಗಳು ಬಿಸಿನೀರಿನಲ್ಲಿ ನೆನೆದ ಗೂಡಿನಿಂದ ಎಳೆ ತುಂಡಾಗದಂತೆ ನೂಲು ಬಿಚ್ಚುವುದನ್ನು ಕಂಡವರಿಗೆ ಈ ಕೆಲಸದ ನಾಜೂಕು ಬೇಗನೆ ಅರ್ಥವಾದೀತು. ಒಂದಕ್ಕೊಂದು ಅಂಟಿದ ಸುತ್ತುಗಳನ್ನು ತಾಳ್ಮೆಯಿಂದ ಬಿಡಿಸಬೇಕು. ಹರಿದ ರಂಧ್ರಗಳನ್ನು ಒಂದೊಂದಾಗಿ ದುರಸ್ತಿ ಮಾಡಬೇಕು. ಹಳೆಯ ಅಂಟುಗಳನ್ನು ತೆಗೆದು ಹೊಸದಾಗಿ ಬೆಸೆಯಬೇಕು. ಒಂದು ಚೌಕಟ್ಟಿಗೆ ಪಟ್ಟಿಯ ಎರಡು ಅಂಚುಗಳಲ್ಲಿ ಎಂಟು ರಂಧ್ರಗಳು. ಸೆಕೆಂಡಿಗೆ ೨೪ ಚೌಕಟ್ಟುಗಳು. ೨೦೪ ನಿಮಿಷಗಳ ಚಿತ್ರವೆಂದರೆ ೨,೯೩,೭೬೦ ಚೌಕಟ್ಟುಗಳು, ೧೮,೩೬೦ ಅಡಿ ಉದ್ದದ ಪಟ್ಟಿ.

ತೊಳೆದ ಪಟ್ಟಿಯನ್ನು ಬಳಿಕ ಸ್ಕ್ಯಾನರ್ ಯಂತ್ರಕ್ಕೆ ಒಪ್ಪಿಸುತ್ತಾರೆ. ಅದು ಪ್ರತಿಯೊಂದು ಚೌಕಟ್ಟಿಗೂ ಬೆಳಕು ಹಾಯಿಸಿ ಕೆಂಪು, ಹಸಿರು, ನೀಲಿ ವರ್ಣಗಳ ಪ್ರಮಾಣವನ್ನು ಅಂಕಿಗಳಲ್ಲಿ ದಾಖಲಿಸುತ್ತದೆ. ಗೀರುಗಳನ್ನು ಮರೆಮಾಡಲು ಒಂದು ಜಾಣ ಉಪಾಯವಿದೆ. ಬೆಳಕನ್ನು ಫಿಲ್ಮಿನ ಆಧಾರಪಟ್ಟಿಯಷ್ಟೇ ಬಾಗಿಸುವ ದ್ರವದಲ್ಲಿ ಪಟ್ಟಿಯನ್ನು ಅದ್ದಿ ಸ್ಕ್ಯಾನ್ ಮಾಡುತ್ತಾರೆ. ದ್ರವವು ಗೀರಿನೊಳಗೆ ತುಂಬಿಕೊಂಡೊಡನೆ ಬೆಳಕಿಗೆ ಗೀರು ಇಲ್ಲವೇ ಇಲ್ಲ! ನಾಲ್ಕು ಸಾವಿರ ಬಿಂದುಗಳ ಅಗಲದಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಚೌಕಟ್ಟಿಗೆ ಸುಮಾರು ೫೦ ಮೆಗಾಬೈಟ್ ಸ್ಥಳ ಬೇಕು. ಮೇಲೆ ಹೇಳಿದಷ್ಟು ಉದ್ದದ ಚಿತ್ರಕ್ಕೆ ಹದಿನಾಲ್ಕು ಸಾವಿರ ಗಿಗಾಬೈಟಿಗೂ ಹೆಚ್ಚು.

ಇನ್ನು ಧೂಳಿನ ಸರದಿ. ಗಣಕಯಂತ್ರವು ಅಕ್ಕಪಕ್ಕದ ಚೌಕಟ್ಟುಗಳನ್ನು ಹೋಲಿಸಿ, ಒಂದರಲ್ಲಿ ಮಾತ್ರ ಕಂಡು ಮುಂದಿನದರಲ್ಲಿ ಮಾಯವಾದ ಚುಕ್ಕೆಯನ್ನು ಕಸವೆಂದು ತೀರ್ಮಾನಿಸಿ ಅಳಿಸುತ್ತದೆ. ಹೆಚ್ಚಿನ ಪಾಲು ಅದರ ತೀರ್ಮಾನ ಸರಿಯೇ. ಆದರೆ ಯಂತ್ರಕ್ಕೆ ಕಥೆ ತಿಳಿಯದು. ಮಳೆಯ ಹನಿ, ಗುಂಡು ತಗುಲಿದ ಬಂಡೆಯಿಂದ ಸಿಡಿದ ಚೂರು, ಚಿಮ್ಮಿದ ನಾಣ್ಯದ ಹೊಳಪು, ಒಡೆದ ಗಾಜಿನ ಮಿಂಚು ಇವೆಲ್ಲವೂ ಅದಕ್ಕೆ ಕಸವಾಗಿ ಕಾಣಬಹುದು. ರಾಮದೇವರ ಬೆಟ್ಟವು ರಣಹದ್ದುಗಳ ಬೀಡು. ದೂರದ ಆಕಾಶದಲ್ಲಿ ತೇಲುವ ಹದ್ದು ಫಿಲ್ಮಿನ ಮೇಲೆ ಧೂಳಿನ ಕಣಕ್ಕಿಂತ ದೊಡ್ಡದಾಗಿರುವುದಿಲ್ಲ. ಕಸ ಯಾವುದು, ಹದ್ದು ಯಾವುದು ಎಂದು ಹೇಳಲು ಮನುಷ್ಯನ ಕಣ್ಣೇ ಬೇಕು.

ಇದಕ್ಕಿಂತ ಹೆಚ್ಚು ವಿವಾದಕ್ಕೆ ಎಡೆಯಾದುದು ಫಿಲ್ಮಿನ ಕಣಗಳ ಪ್ರಶ್ನೆ. ಫಿಲ್ಮಿನ ಬಿಂಬವು ಸೂಕ್ಷ್ಮ ಕಣಗಳಿಂದಲೇ ಮೂಡಿದುದಾದ್ದರಿಂದ ತೆರೆಯ ಮೇಲೆ ಸದಾ ಸಣ್ಣ ಮಿಡಿತವೊಂದು ಕಾಣುತ್ತದೆ. ಪ್ರಸಾರಕ್ಕಾಗಿ ಚಿತ್ರವನ್ನು ಅಡಕಗೊಳಿಸುವಾಗ ಈ ಮಿಡಿತವೇ ತೊಡಕು. ಆದ್ದರಿಂದ ಕೆಲವರು ಅದನ್ನು ಪೂರ್ತಿಯಾಗಿ ಒರಸಿಬಿಡುತ್ತಾರೆ. ಕಣಗಳೊಡನೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ, ಕಲ್ಲಿನ ಒರಟು ಎಲ್ಲವೂ ಹೋಗಿ ನಟರ ಮುಖಗಳು ಅರಗು ಹಚ್ಚಿ ಹೊಳಪಿಸಿದಂತಾಗುತ್ತವೆ. ಚನ್ನಪಟ್ಟಣದ ಬೊಂಬೆಗೆ ಆ ನುಣುಪು ಶೋಭೆ. ಮನುಷ್ಯನ ಮುಖಕ್ಕೆ ಅಲ್ಲ.

ಬಣ್ಣವನ್ನು ಸರಿಪಡಿಸುವುದಕ್ಕೂ ವಿವೇಕ ಬೇಕು. ಮಾಸಿದ ವರ್ಣವನ್ನು ಅಂಕಿಗಳ ಮೂಲಕ ಏರಿಸುವುದು ಸುಲಭ. ಎಷ್ಟು ಏರಿಸಬೇಕೆಂಬುದು ಕಷ್ಟ. ಮಾಸದೆ ಉಳಿದ ಹಳೆಯ ಪ್ರತಿ, ಚಿತ್ರದಲ್ಲಿ ದುಡಿದವರ ನೆನಪು ಇವೇ ಇದಕ್ಕೆ ಪ್ರಮಾಣ. ಕಪ್ಪುಬಿಳುಪಿನ ಚಿತ್ರಗಳಿಗೆ ಹೊಸದಾಗಿ ಬಣ್ಣ ಹಚ್ಚುವುದು ಬೇರೆಯದೇ ಕೆಲಸ. ೧೯೬೫ರ 'ಸತ್ಯ ಹರಿಶ್ಚಂದ್ರ' ೨೦೦೮ರಲ್ಲಿಯೂ, ೧೯೭೧ರ 'ಕಸ್ತೂರಿ ನಿವಾಸ' ೨೦೧೪ರಲ್ಲಿಯೂ ಬಣ್ಣ ತಳೆದು ಬಂದು ಹೊಸ ಪ್ರೇಕ್ಷಕರನ್ನು ಗಳಿಸಿದುದು ನಿಜ. ಆದರೆ ಅದನ್ನು ಜೀರ್ಣೋದ್ಧಾರವೆನ್ನಲಾಗದು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (೧೯೭೭) ಮೂಲ ನೆಗೆಟಿವ್‌ನಿಂದ ಪುನರುಜ್ಜೀವನಗೊಂಡು ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದಾಗ ತನ್ನ ಕಪ್ಪುಬಿಳುಪನ್ನು ಬಿಟ್ಟುಕೊಡಲಿಲ್ಲ.

ಮನೆಯ ತೆರೆಯ ಅಗಲ ಮತ್ತು ಎತ್ತರಗಳ ಪ್ರಮಾಣ ೧೬ಕ್ಕೆ ೯. ಹಳೆಯ ಕನ್ನಡ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ೪ಕ್ಕೆ ೩. ತೆರೆ ತುಂಬಲೆಂದು ಅದನ್ನು ಹಿಗ್ಗಿಸಿದರೆ ನಟನ ನೆತ್ತಿಯೋ ನರ್ತಕಿಯ ಪಾದವೋ ಕತ್ತರಿಸಿ ಹೋಗುತ್ತದೆ. 'ಶೋಲೆ'ಯಂತಹ ಅಗಲ ಚಿತ್ರದಲ್ಲಿ ಕತ್ತರಿ ಬೀಳುವುದು ಎಡಬಲಗಳಿಗೆ. ಅಲ್ಲಿ ನಿಂತ ಪಾತ್ರವೇ ಮರೆಯಾಗಬಹುದು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚಿತ್ರವನ್ನು ತೋರಿಸುವುದೇ ಪ್ರಾಮಾಣಿಕ ಮಾರ್ಗ. ವೇಗದಲ್ಲಿಯೂ ಒಂದು ಹೊಂದಾಣಿಕೆಯುಂಟು. ನಮ್ಮ ದೇಶದ ಪ್ರಸಾರ ಸೆಕೆಂಡಿಗೆ ೨೫ ಚೌಕಟ್ಟುಗಳದು. ೨೪ರ ಫಿಲ್ಮನ್ನು ೨೫ರ ವೇಗದಲ್ಲಿ ಓಡಿಸಿದರೆ ೨೦೪ ನಿಮಿಷಗಳ ಚಿತ್ರ ಸುಮಾರು ೧೯೬ ನಿಮಿಷಗಳಲ್ಲಿ ಮುಗಿಯುತ್ತದೆ. ದನಿಗಳೂ ಒಂದಿಷ್ಟು ಏರುತ್ತವೆ. ಆ ಏರಿಕೆಯನ್ನು ತಗ್ಗಿಸಿ ಸರಿಪಡಿಸುವುದು ಧ್ವನಿತಂತ್ರಜ್ಞರ ಪಾಲಿನ ಕೆಲಸ. ಧ್ವನಿಪಥದ ಗೊರಗೊರ, ಚಟಚಟ ಶಬ್ದಗಳನ್ನು ಅಳಿಸುವವರೂ ಅವರೇ.

ಇಷ್ಟೆಲ್ಲ ಆದ ಬಳಿಕ ಹಳೆಯ ನೆಗೆಟಿವನ್ನು ಎಸೆಯುವುದಿಲ್ಲ. ಅಂಕಿಗಳ ರೂಪದ ಪ್ರತಿಯನ್ನು ಹೊತ್ತ ತಟ್ಟೆಗಳೂ ಟೇಪುಗಳೂ ಕೆಲವೇ ವರ್ಷಗಳಲ್ಲಿ ಹಳತಾಗುವುದರಿಂದ ಅವನ್ನು ಮತ್ತೆ ಮತ್ತೆ ಹೊಸದಕ್ಕೆ ವರ್ಗಾಯಿಸುತ್ತಿರಬೇಕು. ಮುಂದೆಂದಾದರೂ ಇನ್ನೂ ಸೂಕ್ಷ್ಮವಾದ ಸ್ಕ್ಯಾನರ್ ಬಂದರೆ ಮತ್ತೆ ಬೇಕಾಗುವುದು ಫಿಲ್ಮೇ. ಆದಕಾರಣ ಸುರುಳಿಗಳನ್ನು ಶುಚಿಗೊಳಿಸಿ, ಹೊಸ ಡಬ್ಬಿಗಳಲ್ಲಿಟ್ಟು, ತೇವವಿಲ್ಲದ ತಣ್ಣನೆಯ ಕೋಣೆಗೆ ಹಿಂದಿರುಗಿಸುತ್ತಾರೆ. ಡಬ್ಬಿಯನ್ನು ಆಗಾಗ ತೆರೆದು ಹುಳಿಯ ನಾತವಿದೆಯೇ ಎಂದು ಮೂಸಿ ನೋಡುತ್ತಾರೆ.