ಗಿಡಮೂಲಿಕೆ ಮತ್ತು ಮೂತ್ರಪಿಂಡ: ಬ್ರಸೆಲ್ಸ್ ವೈದ್ಯರ ಸಂಶೋಧನೆ

‘ಗಿಡಮೂಲಿಕೆಯಲ್ಲವೇ, ಗುಣವಾಗದಿದ್ದರೂ ಕೆಡುಕಂತೂ ಆಗದು’ ಎಂದು ಸದ್ಭಕ್ತರಲ್ಲಿ ಅನೇಕರು ನಮ್ಮೊಡನೆ ಹೇಳುವುದುಂಟು. ಆಯುರ್ವೇದವನ್ನೇ ವೃತ್ತಿಯಾಗಿಸಿಕೊಂಡ ನಾವು ಈ ಮಾತನ್ನು ಒಪ್ಪಲಾರೆವು. ಏಕೆ ಒಪ್ಪಲಾರೆವು ಎಂಬುದಕ್ಕೆ ಬೆಲ್ಜಿಯಂ ದೇಶದ ಮೂತ್ರಪಿಂಡತಜ್ಞರೊಬ್ಬರ ಪ್ರಬಂಧಗಳೇ ಉತ್ತರ.

ಬ್ರಸೆಲ್ಸ್ ನಗರದ ಝಾನ್-ಲೂಯಿ ವಾನ್‌ಹೆರ್ವೆಗೆಮ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೆಲವೇ ಪುಟಗಳ ಪ್ರಬಂಧವೊಂದನ್ನು ಪ್ರಕಟಿಸಿದರು. ಮೂತ್ರಪಿಂಡಗಳು ಅತಿವೇಗವಾಗಿ ಸೋಲುತ್ತಿದ್ದ ಇಬ್ಬರು ಮಹಿಳೆಯರು ಅವರಲ್ಲಿಗೆ ಬಂದಿದ್ದರು. ಇಬ್ಬರಿಗೂ ಸಕ್ಕರೆ ಕಾಯಿಲೆ ಮೊದಲಾದ ಸಾಮಾನ್ಯ ಕಾರಣಗಳಿರಲಿಲ್ಲ. ಇಬ್ಬರೂ ತೂಕ ಇಳಿಸಿಕೊಳ್ಳಲು ಒಂದೇ ಚಿಕಿತ್ಸಾಲಯಕ್ಕೆ ಹೋಗಿದ್ದರು. ನಗರದ ಇತರ ಕೇಂದ್ರಗಳಲ್ಲಿ ವಿಚಾರಿಸಲಾಗಿ, ಐವತ್ತರೊಳಗಿನ ಇನ್ನೂ ಏಳು ಮಹಿಳೆಯರು ದೊರೆತರು. ಆ ಚಿಕಿತ್ಸಾಲಯವು ಹದಿನೈದು ವರ್ಷಗಳಿಂದ ಇಂತಹ ತೊಂದರೆಯಿಲ್ಲದೆ ನಡೆದಿತ್ತು. ಹಾಗಾದರೆ ಬದಲಾದದ್ದೇನು? 1990ರ ಮೇ ತಿಂಗಳಿನಿಂದ ಔಷಧಕ್ಕೆ ಎರಡು ಚೀನೀ ಮೂಲಿಕೆಗಳು ಸೇರಿದ್ದವು.

ಅವುಗಳಲ್ಲಿ ಒಂದು ಸ್ಟೆಫಾನಿಯಾ ಎಂಬ ಬಳ್ಳಿಯ ಬೇರು. ಚೀನೀಯರು ಅದನ್ನು ‘ಫಾಂಗ್ ಜಿ’ ಎನ್ನುತ್ತಾರೆ. ‘ಗ್ವಾಂಗ್ ಫಾಂಗ್ ಜಿ’ ಎಂಬ ಹೆಸರಿನದು ಬೇರೆಯೇ ಸಸ್ಯ, ಅರಿಸ್ಟೊಲೋಕಿಯಾ ಕುಲದ್ದು. ಹೆಸರಿನ ಸಾಮ್ಯದಿಂದ ಒಂದರ ಸ್ಥಾನದಲ್ಲಿ ಇನ್ನೊಂದು ಬಂದಿತ್ತು. 1994ರಲ್ಲಿ ನಡೆದ ರಾಸಾಯನಿಕ ಪರೀಕ್ಷೆಯಲ್ಲಿ ಆ ಪುಡಿಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಪತ್ತೆಯಾಯಿತು. ಬೆಲ್ಜಿಯಂನಲ್ಲಿ ಹೀಗೆ ಬಾಧಿತರಾದವರ ಸಂಖ್ಯೆ ಮುಂದೆ ನೂರನ್ನು ದಾಟಿತು.

ಈ ಆಮ್ಲವು ಮೂತ್ರಪಿಂಡದ ಸೂಕ್ಷ್ಮನಾಳಗಳ ಕೋಶಗಳನ್ನು ಹೊಕ್ಕು ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ನಾಳಗಳು ಸೊರಗುತ್ತವೆ, ಅವುಗಳ ನಡುವೆ ನಾರಿನಂತಹ ಗಡಸು ಅಂಗಾಂಶ ಬೆಳೆಯುತ್ತದೆ. ಔಷಧ ನಿಲ್ಲಿಸಿದ ಮೇಲೂ ಹಾನಿ ಮುಂದುವರಿಯಬಹುದು. 2000ದಲ್ಲಿ ನಾರ್ಟಿಯೆ, ವಾನ್‌ಹೆರ್ವೆಗೆಮ್ ಮೊದಲಾದವರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಪ್ರಬಂಧ ಇನ್ನೂ ಕಳವಳಕಾರಿ. ಮುನ್ನೆಚ್ಚರಿಕೆಗಾಗಿ ಮೂತ್ರಪಿಂಡ ಹಾಗೂ ಮೂತ್ರನಾಳಗಳನ್ನು ತೆಗೆಸಿಕೊಂಡ 39 ರೋಗಿಗಳಲ್ಲಿ 18 ಮಂದಿಗೆ ಮೂತ್ರಮಾರ್ಗದ ಒಳಪೊರೆಯ ಕ್ಯಾನ್ಸರ್ ಕಂಡುಬಂದಿತು.

ವಿದ್ವಾಂಸರ ಕೊಡುಗೆಯನ್ನು ಪ್ರಬಂಧಗಳ ಎಣಿಕೆಯಿಂದ ಅಳೆಯುವುದು ಇಂದಿನ ರೂಢಿ. ಆ ಪ್ರಬಂಧಗಳಿಂದ ಜಗತ್ತಿನಲ್ಲಿ ಏನು ಬದಲಾಯಿತೆಂದು ನೋಡುವುದೇ ನಮಗೆ ಸರಿಯೆನಿಸುತ್ತದೆ. ಡ್ಯಾನ್ಯೂಬ್ ನದಿಯ ಉಪನದಿಗಳ ದಡದ ಹಳ್ಳಿಗಳಲ್ಲಿ ಅರ್ಧ ಶತಮಾನ ಕಾಡಿದ್ದ ಬಾಲ್ಕನ್ ಮೂತ್ರಪಿಂಡರೋಗವು ಬ್ರಸೆಲ್ಸ್ ರೋಗಿಗಳ ಸ್ಥಿತಿಯನ್ನೇ ಹೋಲುತ್ತಿತ್ತು. ಗೋಧಿಯ ಹೊಲದ ಕಳೆಯಾಗಿ ಬೆಳೆಯುವ ಅರಿಸ್ಟೊಲೋಕಿಯಾದ ಬೀಜ ಹಿಟ್ಟಿಗೆ ಬೆರೆಯುತ್ತಿರಬಹುದೆಂಬ ಹಳೆಯ ಊಹೆಗೆ ಇದರಿಂದ ಬಲ ಬಂದು, 2007ರಲ್ಲಿ ಅಮೆರಿಕದ ಗ್ರೋಲ್‌ಮನ್ ಅವರ ತಂಡ ಪುರಾವೆ ಒದಗಿಸಿತು. 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ಕುಲದ ಸಸ್ಯಗಳುಳ್ಳ ಔಷಧಗಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ‘ಚೀನೀ ಮೂಲಿಕೆಗಳ ಮೂತ್ರಪಿಂಡರೋಗ’ ಎಂಬ ಮೊದಲ ಹೆಸರೂ ಬಿದ್ದುಹೋಗಿ, ಆಮ್ಲದ ಹೆಸರೇ ರೋಗಕ್ಕೆ ನಿಂತಿತು. ಅದು ನ್ಯಾಯವೇ; ದೋಷವಿದ್ದದ್ದು ಒಂದು ದ್ರವ್ಯದಲ್ಲಿ, ಒಂದು ದೇಶದ ವೈದ್ಯಪದ್ಧತಿಯಲ್ಲಲ್ಲ.

ಇದು ದೂರದ ಕಥೆಯೆಂದು ಭಾವಿಸಬಾರದು. ನಮ್ಮ ಬೇಲಿಗಳಲ್ಲಿ ಹಬ್ಬುವ, ಹಾವಿನ ವಿಷಕ್ಕೆ ಮದ್ದೆಂದು ಹಳ್ಳಿಗರು ನಂಬಿರುವ ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯಾ ಕುಲದ್ದೇ. ಅದರ ಬೇರಿನಲ್ಲಿಯೂ ಇದೇ ಆಮ್ಲವಿದೆ. (ಅದರ ಎಲೆ ತಿನ್ನುವ ಕೆಲವು ಚಿಟ್ಟೆಯ ಹುಳುಗಳು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತವೆ!) ಹೆಸರಿನ ಗೊಂದಲವೂ ನಮ್ಮಲ್ಲಿ ಕಡಿಮೆಯಿಲ್ಲ. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ರಾಸ್ನಾ ಎಂದರೆ ಉತ್ತರದಲ್ಲಿ ಒಂದು ಸಸ್ಯ, ದಕ್ಷಿಣದಲ್ಲಿ ಮತ್ತೊಂದು. ಇವನ್ನು ನಾವು ಸಂದಿಗ್ಧ ದ್ರವ್ಯಗಳೆನ್ನುತ್ತೇವೆ. ಒಂದೆಲಗದ ವಿಷಯದಲ್ಲಿ ಗೊಂದಲವಾದರೆ ಹೆಚ್ಚಿನ ಅಪಾಯವಿಲ್ಲ. ಎಲ್ಲ ಗೊಂದಲಗಳೂ ಹಾಗಲ್ಲ.

ಆದುದರಿಂದ ಈಶ್ವರಿ ಬೇರಿನ ಕಷಾಯವನ್ನಾಗಲಿ ಪುಡಿಯನ್ನಾಗಲಿ ಸೇವಿಸಬೇಡಿರಿ. ಹಾವು ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಸಂತೆಯಲ್ಲಿ ಸಿಗುವ, ಘಟಕಗಳ ಹೆಸರಿಲ್ಲದ ತೂಕ ಇಳಿಸುವ ಪುಡಿಗಳನ್ನು ಕೊಳ್ಳಬೇಡಿರಿ. ಈಗಾಗಲೇ ಇಂತಹವನ್ನು ತಿಂಗಳುಗಟ್ಟಲೆ ಸೇವಿಸಿದವರು ರಕ್ತದ ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಹಾಗೂ ಮೂತ್ರದ ಪರೀಕ್ಷೆಗಳನ್ನು ಮಾಡಿಸಿಕೊಳ್ಳತಕ್ಕದ್ದು. ಈ ರೋಗದಲ್ಲಿ ಮುಖ ಊದಿಕೊಳ್ಳುವುದಾಗಲಿ ಮೂತ್ರ ನೊರೆಯಾಗುವುದಾಗಲಿ ಆರಂಭದಲ್ಲಿ ಕಾಣದಿರಬಹುದು. ಕಾರಣ ತಿಳಿಯದ ರಕ್ತಹೀನತೆ, ಆಯಾಸ ಮಾತ್ರವೇ ಇರಬಹುದು. ವೈದ್ಯರಲ್ಲಿಗೆ ಹೋಗುವಾಗ ಸೇವಿಸಿದ ಪುಡಿಯ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.